ಮೊದಲು ಗೋಡೆ ನೋಡಿ, ಆಮೇಲೆ ಅರ್ಜಿ ಬರೆಯಿರಿ

ಎರಡು ತಿಂಗಳ ಹಿಂದೆ ಇದೇ ಅಂಕಣದಲ್ಲಿ, ಸುಣ್ಣದ ಪದರಗಳ ಕೆಳಗೆ ಮುಚ್ಚಿಹೋಗಿರುವ ದೇವಾಲಯದ ಚಿತ್ರಗಳ ಬಗ್ಗೆ ಬರೆದಿದ್ದೆ. ಅದಕ್ಕೆ ಬಂದ ಪತ್ರಗಳನ್ನು ಊಟದ ಮೇಜಿನ ಮೇಲೆ ಹರಡಿಕೊಂಡು ಒಂದು ಭಾನುವಾರವೆಲ್ಲ ಓದಿದೆ. ಮನಸ್ಸು ತುಂಬಿತು. ಇಪ್ಪತ್ತೆಂಟು ವರ್ಷ ಭಿತ್ತಿಚಿತ್ರಗಳ ಸಂರಕ್ಷಣೆಯಲ್ಲಿ ಕಳೆದು, ಆ ನಂತರ ಸಂಶೋಧನಾ ವಿದ್ಯಾರ್ಥಿಗಳ ಸಾರಲೇಖಗಳನ್ನು, ಅಂದರೆ ಏನನ್ನು ಹೇಗೆ ಸಂಶೋಧಿಸುತ್ತೇವೆಂದು ಮೊದಲೇ ಬರೆದುಕೊಡುವ ಯೋಜನೆಗಳನ್ನು, ಪರಿಶೀಲಿಸುವ ಸಮಿತಿಗಳಲ್ಲಿ ಕುಳಿತವಳು ನಾನು. ಈ ವಿಷಯವನ್ನು ಓದಬೇಕೆನ್ನುವವರು ಇಷ್ಟು ಜನ, ಇಷ್ಟು ಊರುಗಳಲ್ಲಿ ಇದ್ದಾರೆಂದು ಎಣಿಸಿರಲಿಲ್ಲ. ಬಹುಪಾಲು ಪತ್ರಗಳು ಪಿಎಚ್‌.ಡಿ. ಬಗ್ಗೆಯೇ ಕೇಳಿವೆ. ಒಂದೇ ಬಗೆಯವನ್ನು ಸೇರಿಸಿ ಆರು ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇನೆ. ಬರೆದವರ ಹೆಸರು ಬಿಟ್ಟು ಊರನ್ನಷ್ಟೇ ಉಳಿಸಿದ್ದೇನೆ.

ಪ್ರಶ್ನೆ: ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ, ಔಷಧ ಕಾರ್ಖಾನೆಯೊಂದರ ಪ್ರಯೋಗಾಲಯದಲ್ಲಿ ಎರಡು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಹಳೆಯ ಚಿತ್ರಗಳನ್ನು ಉಳಿಸುವ ಕೆಲಸಕ್ಕೆ ಹೋಗಬೇಕೆಂಬ ಆಸೆ. ಅದಕ್ಕೆ ಪಿಎಚ್‌.ಡಿ. ದಾರಿಯೇ? ಕಲೆ ಓದದವಳಿಗೆ ಯಾರು ಪ್ರವೇಶ ಕೊಡುತ್ತಾರೆ? — ಶಿರಸಿ

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಆಸೆಗಳು ಹೆಣೆದುಕೊಂಡಿವೆ. ಅವನ್ನು ಬಿಡಿಸಿ ನೋಡದೆ ಅರ್ಜಿ ಹಾಕಬೇಡಿ. ಚಿತ್ರವನ್ನು ಕೈಯಾರೆ ಉಳಿಸುವುದು ಒಂದು. ಚಿತ್ರದ ಬಗ್ಗೆ ಇದುವರೆಗೆ ಯಾರಿಗೂ ತಿಳಿಯದ ಸಂಗತಿಯನ್ನು ಕಂಡು, ಅದನ್ನು ಆಧಾರಸಹಿತ ಬರೆದು ತೋರಿಸುವುದು ಇನ್ನೊಂದು. ಪಿಎಚ್‌.ಡಿ. ಇರುವುದು ಎರಡನೆಯದಕ್ಕೆ. ಮೊದಲನೆಯದನ್ನು ಅದು ಕಲಿಸುವುದಿಲ್ಲ.

ನಾನು ಕೆಲಸ ಕಲಿತದ್ದು ತುಮಕೂರು ಸೀಮೆಯ ಸಣ್ಣ ದೇವಾಲಯವೊಂದರಲ್ಲಿ. ಹಬ್ಬ ಬಂದಾಗಲೆಲ್ಲ ಬಳಿದ ಸುಣ್ಣ ಗೋಡೆಯ ಮೇಲೆ ರೊಟ್ಟಿಯಂತೆ ದಪ್ಪಗೆ ಕಟ್ಟಿತ್ತು. ಶಸ್ತ್ರಚಿಕಿತ್ಸೆಗೆ ಬಳಸುವಂಥ ಸಣ್ಣ ಅಲಗಿನಿಂದ ಅದನ್ನು ಪದರ ಪದರವಾಗಿ ಎಬ್ಬಿಸಬೇಕು. ದಿನಕ್ಕೆ ಅಂಗೈಯಗಲ ತೆರೆದರೆ ಹಿರಿಯರು ಸಾಕೆನ್ನುತ್ತಿದ್ದರು. ಅದಕ್ಕಿಂತ ಹೆಚ್ಚು ತೆರೆದ ದಿನ, ‘ಇಷ್ಟು ಬೇಗ ಹೇಗಾಯಿತು?’ ಎಂದು ಭೂತಗನ್ನಡಿ ಹಿಡಿದು ಬಂದು, ಅಲಗು ತಾಗಿದ ಗೆರೆ ಎಲ್ಲಾದರೂ ಇದೆಯೇ ಎಂದು ಹುಡುಕುತ್ತಿದ್ದರು. ಆ ಕಣ್ಣು, ಆ ತಾಳ್ಮೆ ಬರುವುದು ಅಂಥವರ ಪಕ್ಕದಲ್ಲಿ ಕುಳಿತಾಗ. ದೆಹಲಿಯಲ್ಲಿ 1989ರಲ್ಲಿ ಶುರುವಾದ ರಾಷ್ಟ್ರೀಯ ವಸ್ತುಸಂಗ್ರಹಾಲಯ ಸಂಸ್ಥೆ ಈಗ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಹೆರಿಟೇಜ್ ಎಂಬ ಹೆಸರಿನಲ್ಲಿ ನೊಯ್ಡಾದಲ್ಲಿದೆ. ಅಲ್ಲಿ ಸಂರಕ್ಷಣೆಯಲ್ಲಿ ಎಂ.ಎ. ಇದೆ, ವಿಜ್ಞಾನ ಓದಿದವರು ಅಲ್ಲಿ ಹೊರಗಿನವರಲ್ಲ. ಲಖನೌದಲ್ಲಿ 1976ರಿಂದ ಇರುವ ರಾಷ್ಟ್ರೀಯ ಸಾಂಸ್ಕೃತಿಕ ಸಂಪದ ಸಂರಕ್ಷಣಾ ಪ್ರಯೋಗಾಲಯದ ಪ್ರಾದೇಶಿಕ ಕೇಂದ್ರ ನಮ್ಮ ಮೈಸೂರಿನಲ್ಲೇ ಇದೆ. ತರಬೇತಿಗಳ ಬಗ್ಗೆ ಅಲ್ಲಿಗೆ ಖುದ್ದಾಗಿ ಹೋಗಿ ವಿಚಾರಿಸಿ. ದೂರವಾಣಿಯಲ್ಲಿ ಕೇಳಿದರೆ ಒಂದು ಉತ್ತರ ಸಿಗುತ್ತದೆ, ಎದುರಿಗೆ ನಿಂತರೆ ಪ್ರಯೋಗಾಲಯವೇ ಕಣ್ಣಿಗೆ ಬೀಳುತ್ತದೆ.

ಇನ್ನು ಎರಡನೆಯ ಆಸೆ. ನಿಮ್ಮ ರಸಾಯನಶಾಸ್ತ್ರ ಇಲ್ಲಿ ಕೊರತೆಯಲ್ಲ, ಬಂಡವಾಳ. ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆ ನೋಡಿದ್ದೀರಲ್ಲವೇ? ಟಿಪ್ಪು ಅದನ್ನು ಕಟ್ಟಿಸಿದ್ದು 1784ರಲ್ಲಿ. ಪಡುಗೋಡೆಯ ಮೇಲೆ 1780ರ ಪೊಳ್ಳಿಲೂರು ಕಾಳಗದ ದೊಡ್ಡ ಚಿತ್ರವಿದೆ. ಟಿಪ್ಪುವಿನ ಕಾಲದ ನಂತರ ಅದರ ಮೇಲೆ ಬೇರೆಯವರ ಕೈಯಾಡಿದೆ. 19ನೆಯ ಶತಮಾನದ ನಡುವೆ ಗವರ್ನರ್ ಜನರಲ್ ಡಾಲ್‌ಹೌಸಿಯ ಆಜ್ಞೆಯಂತೆ ಚಿತ್ರಗಳನ್ನು ಮತ್ತೆ ಬರೆಸಲಾಯಿತು. ಹಾಗಾದರೆ ಇವತ್ತು ನಾವು ನೋಡುತ್ತಿರುವ ಗೆರೆಗಳಲ್ಲಿ ಯಾವುದು ಟಿಪ್ಪುವಿನ ಚಿತ್ರಗಾರನದು, ಯಾವುದು ಆಮೇಲಿನವನದು? ಕಲಾ ಇತಿಹಾಸ ಓದಿದವರು ಶೈಲಿ ನೋಡಿ ಹೇಳಲು ಪ್ರಯತ್ನಿಸುತ್ತಾರೆ. ಬಣ್ಣಗಳಿಗೂ ಹುಟ್ಟಿದ ದಿನವಿದೆ ಎಂಬುದು ನಿಮಗೆ ಗೊತ್ತು. ಪ್ರಷ್ಯನ್ ನೀಲಿ ಬರ್ಲಿನ್‌ನಲ್ಲಿ ಹುಟ್ಟಿದ್ದು 18ನೆಯ ಶತಮಾನದ ಮೊದಲ ದಶಕದಲ್ಲಿ. ಎಮರಾಲ್ಡ್ ಗ್ರೀನ್ ಎಂಬ ಹಸಿರು ಬಂದದ್ದು 1814ರಲ್ಲಿ. ಲ್ಯಾಪಿಸ್ ಎಂಬ ನೀಲಿ ಕಲ್ಲನ್ನು ಅರೆದು ತೆಗೆಯುತ್ತಿದ್ದ ಅಲ್ಟ್ರಾಮರೀನ್ ನೀಲಿಯನ್ನು ಫ್ರಾನ್ಸಿನಲ್ಲಿ ಕೃತಕವಾಗಿ ಮಾಡಿದ್ದು 1828ರ ಸುಮಾರಿಗೆ. ಕಲ್ಲಿನ ನೀಲಿಯ ಕಣಗಳು ಸೂಕ್ಷ್ಮದರ್ಶಕದಲ್ಲಿ ಒರಟಾಗಿ, ಮೂಲೆಮೂಲೆಯಾಗಿ ಕಾಣುತ್ತವೆ. ಕೃತಕದ್ದು ನುಣುಪು, ದುಂಡಗೆ, ಒಂದೇ ಗಾತ್ರ. ಒಂದು ಕುದುರೆಯ ಜೀನಿನಲ್ಲಿ ಈ ಎರಡನೆಯದು ಸಿಕ್ಕಿತೆಂದರೆ ಆ ಜಾಗದ ಆ ಪದರ ಟಿಪ್ಪುವಿನ ಕಾಲದ್ದಾಗಿರಲು ಸಾಧ್ಯವಿಲ್ಲ. ಆ ಜಾಗದ್ದು, ಆ ಪದರದ್ದು ಮಾತ್ರ. ಇಡೀ ಗೋಡೆಯ ಬಗ್ಗೆ ತೀರ್ಪು ಕೊಡಲು ಅಷ್ಟು ಸಾಲದು. ಹಾಗೆಯೇ ಬಣ್ಣದಲ್ಲಿರುವ ಧಾತುಗಳನ್ನು ಎಕ್ಸ್ ಕಿರಣದಿಂದ ಗುರುತಿಸುವ ಎಕ್ಸ್‌ಆರ್‌ಎಫ್ ಯಂತ್ರ ಕಬ್ಬಿಣ ತೋರಿಸಿದ ಕೂಡಲೇ, ಕಬ್ಬಿಣವಿರುವ ಪ್ರಷ್ಯನ್ ನೀಲಿಯೇ ಎಂದು ಬರೆದುಬಿಡುವವರನ್ನು ಕಂಡಿದ್ದೇನೆ. ಗಾರೆಯ ಮರಳಿನಲ್ಲೂ ಕಬ್ಬಿಣವಿರುತ್ತದೆ, ಕಾವಿಯಲ್ಲಿ ಇದ್ದೇ ಇರುತ್ತದೆ. ವಸ್ತು ಯಾವುದೆಂದು ಅದು ಚದುರಿಸುವ ಬೆಳಕಿನಿಂದ ತಿಳಿಸುವ ರಾಮನ್ ರೋಹಿತದಂಥ ಇನ್ನೊಂದು ಸಾಕ್ಷಿ ಬೇಕು. ಈ ಎಚ್ಚರ ರಸಾಯನಶಾಸ್ತ್ರ ಕಲಿತವರಿಗೆ ರಕ್ತದಲ್ಲೇ ಇರುತ್ತದೆ.

ಆದ್ದರಿಂದ ರಸಾಯನಶಾಸ್ತ್ರ ವಿಭಾಗದಲ್ಲೇ ನೋಂದಾಯಿಸಿಕೊಂಡು, ಸಂರಕ್ಷಣೆ ಅಥವಾ ಕಲಾ ಇತಿಹಾಸದವರೊಬ್ಬರನ್ನು ಸಹ ಮಾರ್ಗದರ್ಶಕರಾಗಿ ಕೇಳಿಕೊಳ್ಳುವುದು ನಿಮಗೆ ಹೊಂದುವ ದಾರಿ ಎಂದು ನನ್ನ ಅಭಿಪ್ರಾಯ. ಅದಕ್ಕೆ ಮೊದಲು ಒಂದು ವರ್ಷವಾದರೂ ಕೈಕೆಲಸದವರ ಜೊತೆ ಕಳೆಯಿರಿ. ಗೋಡೆ ತಿಳಿಯದ ರಸಾಯನಶಾಸ್ತ್ರಜ್ಞೆ ಎಲ್ಲಿಂದ ಮಾದರಿ ತೆಗೆಯಬೇಕೆಂಬಲ್ಲೇ ತಪ್ಪುತ್ತಾಳೆ.

ಪ್ರಶ್ನೆ: ನನಗೆ 43 ವರ್ಷ. ಪ್ರೌಢಶಾಲೆಯಲ್ಲಿ ಚಿತ್ರಕಲಾ ಶಿಕ್ಷಕ. ಚಿತ್ರಕಲೆಯಲ್ಲಿ ಸ್ನಾತಕೋತ್ತರ ಪದವಿ ಇದೆ. ಕೆಲಸ ಬಿಡದೆ ಪಿಎಚ್‌.ಡಿ. ಮಾಡಬಹುದೇ? ‘ಕರ್ನಾಟಕದ ಭಿತ್ತಿಚಿತ್ರಗಳು: ಒಂದು ಸಮಗ್ರ ಅಧ್ಯಯನ’ ಎಂಬ ಸಾರಲೇಖ ಸಿದ್ಧಪಡಿಸಿ ಇಬ್ಬರು ಪ್ರಾಧ್ಯಾಪಕರಿಗೆ ಕಳುಹಿಸಿದೆ. ಒಬ್ಬರು ಉತ್ತರಿಸಲಿಲ್ಲ, ಇನ್ನೊಬ್ಬರು ‘ವಿಷಯ ವಿಶಾಲವಾಯಿತು’ ಎಂದಷ್ಟೇ ಬರೆದರು. ಪ್ರತಿ ಲಗತ್ತಿಸಿದ್ದೇನೆ. — ವಿಜಯಪುರ

ಉತ್ತರ: ಸರ್, ನಿಮ್ಮ ಹದಿನಾಲ್ಕು ಪುಟಗಳನ್ನೂ ಓದಿದೆ. ಬಾದಾಮಿಯಿಂದ ಶುರುವಾಗಿ ಹಂಪಿ, ಲೇಪಾಕ್ಷಿ, ಸೀಬಿ, ಶ್ರವಣಬೆಳಗೊಳದ ಮಠ, ಮೈಸೂರಿನ ಜಗನ್ಮೋಹನ ಅರಮನೆಯವರೆಗೆ ಬಂದಿದ್ದೀರಿ. ಸಾವಿರದ ಮುನ್ನೂರು ವರ್ಷ. ಲೇಪಾಕ್ಷಿ ಇರುವುದು ಆಂಧ್ರದಲ್ಲಿ ಎಂಬುದನ್ನು ಬದಿಗಿಟ್ಟರೂ, ಇದನ್ನೆಲ್ಲ ಒಬ್ಬರು ಆರು ವರ್ಷದಲ್ಲಿ ಹೊಸದಾಗಿ ನೋಡಿ ಮುಗಿಸಲು ಆಗುವುದಿಲ್ಲ. ಮೊದಲೇ ಬರೆದವರ ಮಾತುಗಳನ್ನು ಜೋಡಿಸಲು ಮಾತ್ರ ಆಗುತ್ತದೆ.

ಇದೇ ತಪ್ಪನ್ನು ನಾನೂ ಮಾಡಿದ್ದೆ. ನನ್ನ ಮೊದಲ ಅರ್ಜಿಯ ಶೀರ್ಷಿಕೆ ನಿಮ್ಮದಕ್ಕಿಂತ ಉದ್ದವಿತ್ತು. ಸಂದರ್ಶನದಲ್ಲಿ ಐದು ಜನ ಕುಳಿತಿದ್ದರು. ನಾನು ಹತ್ತು ನಿಮಿಷ ವಿಜಯನಗರದ ಪರಂಪರೆಯ ಬಗ್ಗೆ ಮಾತಾಡಿದೆ. ಕೊನೆಯಲ್ಲಿ ಕುಳಿತಿದ್ದ ಹಿರಿಯರೊಬ್ಬರು ಕನ್ನಡಕ ತೆಗೆದಿಟ್ಟು, ‘ಅಮ್ಮಾ, ಯಾವ ಗೋಡೆ?’ ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಆ ವರ್ಷ ಪ್ರವೇಶ ಸಿಗಲಿಲ್ಲ. ಊರಿಗೆ ವಾಪಸಾಗುವ ಬಸ್ಸಿನಲ್ಲಿ ಅತ್ತೆ, ಸಿಟ್ಟೂ ಬಂತು. ಮರುವರ್ಷ ಒಂದೇ ದೇವಾಲಯದ ಒಂದೇ ಮಂಟಪದ ಛಾವಣಿಯ ಮೇಲೆ ನಾಲ್ಕು ಪುಟ ಬರೆದುಕೊಂಡು ಹೋದೆ. ಎಲ್ಲಿ ಗಾರೆ ಸಡಿಲಾಗಿದೆ, ಎಲ್ಲಿ ಬಾವಲಿಗಳ ಹಿಕ್ಕೆಯಿಂದ ಬಣ್ಣ ಸುಟ್ಟಿದೆ, ಯಾವ ಆಕೃತಿಯ ಗೆರೆ ಎರಡು ಬಾರಿ ಎಳೆದಂತಿದೆ, ಅಷ್ಟನ್ನೇ ಬರೆದಿದ್ದೆ. ಅದೇ ಹಿರಿಯರು ನನ್ನೊಡನೆ ಮುಕ್ಕಾಲು ಗಂಟೆ ಮಾತಾಡಿದರು.

ನಿಮ್ಮನ್ನು ಅದನ್ನೇ ಕೇಳುತ್ತೇನೆ: ಯಾವ ಗೋಡೆ? ನೀವಿರುವುದು ವಿಜಯಪುರದಲ್ಲಿ. ಆದರೆ ನಿಮ್ಮ ಹದಿನಾಲ್ಕು ಪುಟಗಳಲ್ಲಿ ಕುಮಟಗಿಯ ಹೆಸರೇ ಇಲ್ಲ. ಆದಿಲಶಾಹಿ ಕಾಲದ ಆ ಜಲಮಂಟಪಗಳ ಗೋಡೆಗಳ ಮೇಲೆ ಚೆಂಡಾಟದ ಸವಾರರು, ಕುಸ್ತಿಯ ಜಟ್ಟಿಗಳು ಇದ್ದರು. ಈಗ ಬಹುಪಾಲು ಅಳಿಸಿಹೋಗಿವೆ. ಆಸಾರ್ ಮಹಲಿನ ಒಳಗೋಡೆಗಳ ಚಿತ್ರಗಳೂ ನಿಮ್ಮ ಊರಿನವೇ. ಹೆನ್ರಿ ಕಸೆನ್ಸ್ ವಿಜಾಪುರದ ಕಟ್ಟಡಗಳ ಮೇಲೆ ಬರೆದ ದೊಡ್ಡ ಗ್ರಂಥ ಪ್ರಕಟವಾದದ್ದು 1916ರಲ್ಲಿ. ಅದರಿಂದ ಶುರು ಮಾಡಿ, ಈ ನೂರು ವರ್ಷಗಳಲ್ಲಿ ಸಿಗುವ ಪ್ರತಿಯೊಂದು ಛಾಯಾಚಿತ್ರ, ನಕಲು, ವರದಿಯನ್ನು ಕಲೆಹಾಕಿ, ಇವತ್ತಿನ ಗೋಡೆಯ ಪಕ್ಕದಲ್ಲಿಟ್ಟು ನೋಡಿದರೆ ಏನು ಯಾವಾಗ ಹೋಯಿತು, ಯಾವ ಕಾರಣಕ್ಕೆ ಹೋಯಿತು ಎಂಬ ಪ್ರಶ್ನೆ ಎದ್ದು ನಿಲ್ಲುತ್ತದೆ. ನೀರಿನ ಮಂಟಪದ ಗೋಡೆಯಲ್ಲಿ ತೇವ ಮೇಲೇರಿ, ಲವಣ ಹೊರಗೆ ಬಂದು ಹರಳುಗಟ್ಟಿ ಬಣ್ಣವನ್ನು ಒಳಗಿನಿಂದ ಎತ್ತಿಹಾಕುತ್ತದೆಯೇ? ಮಳೆಗಾಲಕ್ಕೂ ಬೇಸಗೆಗೂ ಅದು ಬದಲಾಗುತ್ತದೆಯೇ? ದೂರದ ಪ್ರಾಧ್ಯಾಪಕರು ವರ್ಷಕ್ಕೊಮ್ಮೆ ಬಂದು ಇದನ್ನು ನೋಡಲಾರರು. ನೀವು ಪ್ರತಿ ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಹೋಗಬಲ್ಲಿರಿ. ಚಿತ್ರ ಬಿಡಿಸಬಲ್ಲ ಕೈ ಬೇರೆ ಇದೆ. ಕ್ಯಾಮೆರಾ ಕಾಣದ್ದನ್ನು ಪೆನ್ಸಿಲ್ ಹಿಡಿದ ಕಣ್ಣು ಕಾಣುತ್ತದೆ ಎಂಬುದು ನನ್ನ ಅನುಭವ, ಏಕೆಂದರೆ ಅರ್ಧ ಅಳಿದ ಗೆರೆಯನ್ನು ನಕಲು ಮಾಡುವಾಗ ಅದು ಎಲ್ಲಿಂದ ಬಂದು ಎಲ್ಲಿಗೆ ಹೋಗಬೇಕಿತ್ತು ಎಂದು ಕೈ ಯೋಚಿಸಲೇಬೇಕಾಗುತ್ತದೆ.

ನಿಯಮದ ಮಾತು ಇಷ್ಟು. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2022ರ ನಿಯಮಾವಳಿ ಅರೆಕಾಲಿಕ ಪಿಎಚ್‌.ಡಿ.ಗೆ ಅವಕಾಶ ಕೊಟ್ಟಿದೆ. ನಿಮ್ಮ ಇಲಾಖೆಯಿಂದ ನಿರಾಕ್ಷೇಪಣಾ ಪತ್ರ ಬೇಕು. ಅದನ್ನು ಮೊದಲೇ ಕೇಳಿ, ಕಡತ ಮೇಜಿನಿಂದ ಮೇಜಿಗೆ ಹೋಗಲು ತಿಂಗಳುಗಳೇ ಹಿಡಿಯುತ್ತವೆ. ಸ್ನಾತಕೋತ್ತರದಲ್ಲಿ ಶೇ 55 ಅಂಕ ಬೇಕು, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಕೆನೆಪದರದ ಹೊರಗಿನ ಹಿಂದುಳಿದ ವರ್ಗ, ಅಂಗವಿಕಲರು ಮೊದಲಾದವರಿಗೆ ಶೇ 5 ಸಡಿಲಿಕೆ ಇದೆ. ಪ್ರವೇಶ ಪರೀಕ್ಷೆಯಲ್ಲಿ ಅರ್ಧ ಪ್ರಶ್ನೆಗಳು ಸಂಶೋಧನಾ ವಿಧಾನದ ಮೇಲೆ, ಇನ್ನರ್ಧ ವಿಷಯದ ಮೇಲೆ. ಆಯ್ಕೆಯಲ್ಲಿ ಬರವಣಿಗೆಯ ಪರೀಕ್ಷೆಗೆ ಶೇ 70, ಸಂದರ್ಶನಕ್ಕೆ ಶೇ 30. ಸೇರಿದ ಮೇಲೆ ಕನಿಷ್ಠ 12 ಕ್ರೆಡಿಟ್‌ಗಳ ಕೋರ್ಸ್‌ವರ್ಕ್ ಮುಗಿಸಬೇಕು, ಆ ತಿಂಗಳುಗಳಿಗೆ ರಜೆಯನ್ನು ಈಗಿನಿಂದ ಉಳಿಸಿಕೊಳ್ಳಿ. ಮಾರ್ಗದರ್ಶಕರನ್ನು ಆರಿಸುವಾಗ ಅವರ ನಿವೃತ್ತಿಯ ವರ್ಷ ತಿಳಿದುಕೊಳ್ಳಿ. ಮೂರು ವರ್ಷಕ್ಕಿಂತ ಕಡಿಮೆ ಸೇವೆ ಉಳಿದಿರುವವರು ಹೊಸ ವಿದ್ಯಾರ್ಥಿಯನ್ನು ತೆಗೆದುಕೊಳ್ಳುವಂತಿಲ್ಲ. ಪ್ರಾಧ್ಯಾಪಕರಿಗೆ 8, ಸಹ ಪ್ರಾಧ್ಯಾಪಕರಿಗೆ 6, ಸಹಾಯಕ ಪ್ರಾಧ್ಯಾಪಕರಿಗೆ 4 ವಿದ್ಯಾರ್ಥಿಗಳ ಮಿತಿ ಇದೆ. ನಿಮಗೆ ಉತ್ತರಿಸದ ಆ ಪ್ರಾಧ್ಯಾಪಕರ ಬಳಿ ಜಾಗವೇ ಖಾಲಿ ಇಲ್ಲದಿರಬಹುದು, ನೊಂದುಕೊಳ್ಳಬೇಡಿ. 43 ತಡವಲ್ಲ. ನಾನು ಓದಿದ ಒಳ್ಳೆಯ ಮಹಾಪ್ರಬಂಧಗಳಲ್ಲಿ ಒಂದನ್ನು ಬರೆದವರು 50 ದಾಟಿದ್ದರು.

ಪ್ರಶ್ನೆ: ಪದವಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ಇಂಗ್ಲಿಷ್ ಓದಿದರೆ ಅರ್ಥವಾಗುತ್ತದೆ, ಬರೆಯಲು ಭಯ. ಕಲಾ ಇತಿಹಾಸದಲ್ಲಿ ಕನ್ನಡದಲ್ಲೇ ಪಿಎಚ್‌.ಡಿ. ಮಾಡಿದರೆ ಬೆಲೆ ಇರುತ್ತದೆಯೇ? — ಕಲಬುರಗಿ

ಉತ್ತರ: ಇರುತ್ತದೆ. ಹಂಪಿಯ ಕನ್ನಡ ವಿಶ್ವವಿದ್ಯಾಲಯ 1991ರಲ್ಲಿ ಹುಟ್ಟಿದ್ದೇ ಕನ್ನಡದಲ್ಲಿ ಸಂಶೋಧನೆ ಆಗಬೇಕೆಂದು. ಅಲ್ಲಿ ಮಹಾಪ್ರಬಂಧವನ್ನು ಕನ್ನಡದಲ್ಲಿ ಬರೆಯುತ್ತಾರೆ.

ಆದರೆ ನಿಮ್ಮ ಪ್ರಶ್ನೆಯ ಹಿಂದೆ ಇನ್ನೊಂದು ಭಯ ಕಾಣುತ್ತದೆ. ಕನ್ನಡ ನಿಮ್ಮ ಕುಂದು ಎಂದು ಯಾರೋ ನಂಬಿಸಿದ್ದಾರೆ. ನಮ್ಮ ಕ್ಷೇತ್ರದಲ್ಲಿ ಅದು ತಲೆಕೆಳಗಾದ ಮಾತು. ಬಾದಾಮಿಯ ಮೂರನೆಯ ಗುಹೆಯಲ್ಲಿ 578ರ ಚಾಲುಕ್ಯ ಮಂಗಳೇಶನ ಶಾಸನವಿದೆ. ಆ ಗುಹೆಯ ಚಾವಣಿಯ ಅಂಚಿನ ಚಿತ್ರಗಳ ಮೇಲೆ ಕಲಾ ಇತಿಹಾಸಕಾರ್ತಿ ಸ್ಟೆಲ್ಲಾ ಕ್ರಾಮ್ರಿಶ್ 1936ರಲ್ಲಿ ಬರೆದ ಲೇಖನವನ್ನು ಜಗತ್ತು ಓದಿತು. ಶಾಸನವನ್ನು ಕಲ್ಲಿನ ಮೇಲೆಯೇ ಓದಬಲ್ಲ ಕಲಾ ಇತಿಹಾಸಕಾರರು ಮಾತ್ರ ಅಂದಿಗೂ ಇಂದಿಗೂ ವಿರಳ. ಹಳಗನ್ನಡ ಕಲಿಯಿರಿ, ಶಾಸನ ಓದುವುದನ್ನು ಕಲಿಯಿರಿ. ಬಿ.ಎಲ್. ರೈಸ್ 1886ರಿಂದ ಹೊರತಂದ ಶಾಸನ ಸಂಪುಟಗಳ ಸಾಲು ಕನ್ನಡ ಬಲ್ಲವರಿಗೇ ಪೂರ್ತಿ ತೆರೆದುಕೊಳ್ಳುವುದು. ನಿಮ್ಮದೇ ಸೀಮೆಯಲ್ಲಿ ಕಲ್ಯಾಣದಿಂದ ಆಳಿದ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ಬರೆದ ಮಾನಸೋಲ್ಲಾಸದಲ್ಲಿ ಗೋಡೆಯನ್ನು ಚಿತ್ರಕ್ಕೆ ಸಿದ್ಧಮಾಡುವ ಬಗೆ ಇದೆ, ಎಮ್ಮೆಯ ತೊಗಲನ್ನು ಕುದಿಸಿ ವಜ್ರಲೇಪವೆಂಬ ಅಂಟು ಮಾಡುವ ವಿಧಾನವಿದೆ. ಅದನ್ನು ಗೋಡೆಯ ಮುಂದಿಟ್ಟು ಓದಬೇಕಾದವರು ನೀವು.

ಇನ್ನು ಬದುಕಿರುವ ಮಾತುಗಳು. ಮೈಸೂರು ಶೈಲಿಯ ಚಿತ್ರಗಾರರು ಚಿನ್ನದ ರೇಕಿನ ಕೆಳಗೆ ಉಬ್ಬು ಕೆಲಸಕ್ಕೆ ಬಳಸುವ ಮಿಶ್ರಣವನ್ನು ಮಕ್ಕಿ ಸಫೇದ ಎನ್ನುತ್ತಾರೆ. ಹುಣಸೆ ಕಡ್ಡಿಯನ್ನು ಸುಟ್ಟು ಮಾಡಿದ ಇದ್ದಿಲಿನಲ್ಲಿ ಮೊದಲ ಗೆರೆ ಎಳೆಯುತ್ತಿದ್ದರು. ಕೊಪ್ಪಳದ ಕಿನ್ನಾಳದಲ್ಲಿ ಹುಣಸೆ ಬೀಜದ ಅಂಟಿಗೆ ಮರದ ಹೊಟ್ಟು ಕಲಸಿ ಬೊಂಬೆಗಳಿಗೆ ಮೈಕಟ್ಟುತ್ತಾರೆ. ಈ ಮಾತುಗಳು ಹಿರಿಯ ಕಸುಬುದಾರರ ಬಾಯಲ್ಲಿವೆ. ಇವರ ಅಂಗಳದಲ್ಲಿ ಕುಳಿತು ಕೇಳಲು ಇಂಗ್ಲಿಷ್ ಬೇಡ.

ಇಷ್ಟಾದರೂ ಇಂಗ್ಲಿಷನ್ನು ಬಿಡಬೇಡಿ. ಕಾಲೇಜು ಅಧ್ಯಾಪಕರ ಅರ್ಹತೆಗೆ ನಡೆಯುವ ಯುಜಿಸಿ-ನೆಟ್ ಪರೀಕ್ಷೆಯ ದೃಶ್ಯಕಲೆಯ ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿರುತ್ತದೆ. 2024ರಿಂದ ಪಿಎಚ್‌.ಡಿ. ಪ್ರವೇಶಕ್ಕೂ ನೆಟ್ ಅಂಕಗಳನ್ನು ಪರಿಗಣಿಸುತ್ತಾರೆ, ಆ ಅಂಕ ಒಂದು ವರ್ಷ ಚಾಲ್ತಿಯಲ್ಲಿರುತ್ತದೆ. ಅದರಲ್ಲಿ ಜೆಆರ್‌ಎಫ್ ಎಂಬ ಸಂಶೋಧನಾ ವೇತನ ದೊರೆತರೆ ತಿಂಗಳಿಗೆ 37,000 ರೂಪಾಯಿ. ಹೆಣ್ಣುಮಗಳೊಬ್ಬಳು ಮನೆಯಲ್ಲಿ ಯಾರನ್ನೂ ಕೇಳದೆ ಕ್ಷೇತ್ರಕಾರ್ಯಕ್ಕೆ ಹೋಗಿಬರಲು ಆ ಹಣ ಎಷ್ಟು ಧೈರ್ಯ ಕೊಡುತ್ತದೆಂದು ನಾನು ಬಲ್ಲೆ. ಬರೆಯುವ ಭಯಕ್ಕೆ ನಾನು ಮಾಡಿಕೊಂಡ ಉಪಾಯ ಹೇಳುತ್ತೇನೆ. ದಿನಕ್ಕೊಂದು ಚಿತ್ರ ಮುಂದಿಟ್ಟುಕೊಂಡು ಕಂಡದ್ದನ್ನು ಕಂಡಂತೆ ಹತ್ತು ವಾಕ್ಯ ಕನ್ನಡದಲ್ಲಿ, ಅದನ್ನೇ ಹತ್ತು ವಾಕ್ಯ ಇಂಗ್ಲಿಷ್‌ನಲ್ಲಿ ಬರೆಯುತ್ತಿದ್ದೆ. ‘ಸುಂದರ’, ‘ಅದ್ಭುತ’ ಎಂಬ ಪದಗಳಿಗೆ ನಿಷೇಧ. ಒಂದು ವರ್ಷದಲ್ಲಿ ಭಯ ಹೋಯಿತು, ನೋಡುವುದೂ ಬಂತು.

ಪ್ರಶ್ನೆ: ದೃಶ್ಯಕಲೆಯಲ್ಲಿ ಎಂ.ವಿ.ಎ. ಮುಗಿಯುತ್ತಿದೆ. ವಿದೇಶದಲ್ಲಿ ಕಲಾ ಇತಿಹಾಸ ಮತ್ತು ಸಂರಕ್ಷಣೆ ಎರಡನ್ನೂ ಸೇರಿಸಿ ಡಾಕ್ಟರೇಟ್ ಮಾಡುವ ಆಸೆ. ಅಮೆರಿಕವೇ, ಇಂಗ್ಲೆಂಡೇ? ಹಣದ ದಾರಿ ಯಾವುದು? — ಮೈಸೂರು

ಉತ್ತರ: ಎರಡು ದೇಶಗಳೂ ಕೇಳುವುದು ಬೇರೆ ಬೇರೆ. ಇಂಗ್ಲೆಂಡಿನಲ್ಲಿ ಮೂರು ನಾಲ್ಕು ವರ್ಷದಲ್ಲಿ ಮುಗಿಸಬೇಕು, ಹಾಗಾಗಿ ಪ್ರವೇಶಕ್ಕೆ ಮೊದಲೇ ಖಚಿತವಾದ ಸಾರಲೇಖವೂ ಅದನ್ನು ಒಪ್ಪುವ ಮಾರ್ಗದರ್ಶಕರೂ ಬೇಕು. ಅಮೆರಿಕದಲ್ಲಿ ಐದಾರು ವರ್ಷ, ಅದರಲ್ಲಿ ಮೊದಲೆರಡು ತರಗತಿಗಳೇ. ಅವರು ನಿಮ್ಮ ಉದ್ದೇಶಪತ್ರ, ಶಿಫಾರಸು ಪತ್ರಗಳು, ನೀವು ಬರೆದ ಒಂದು ದೀರ್ಘ ಪ್ರಬಂಧ ಇವುಗಳಿಂದ ಅಳೆಯುತ್ತಾರೆ. ಅಲ್ಲಿನ ಹೆಚ್ಚಿನ ಅರ್ಜಿಗಳು ಡಿಸೆಂಬರ್ ಸುಮಾರಿಗೆ ಮುಚ್ಚುತ್ತವೆ. ಶಿಫಾರಸು ಕೊಡುವ ಗುರುಗಳಿಗೆ ಸೆಪ್ಟೆಂಬರ್‌ನಲ್ಲೇ ಹೇಳಿ, ನಿಮ್ಮ ಪ್ರಬಂಧದ ಪ್ರತಿಯನ್ನೂ ಕೊಡಿ. ನಾನು ಹಳೆಯ ವಿದ್ಯಾರ್ಥಿಗಳಿಗಾಗಿ ಶಿಫಾರಸು ಪತ್ರ ಬರೆಯುವಾಗಲೂ ಅವರ ಕೆಲಸದ ಒಂದು ನಿರ್ದಿಷ್ಟ ಸಾಲನ್ನು ನೆನೆದರೆ ಮಾತ್ರ ಪತ್ರಕ್ಕೆ ಜೀವ ಬರುತ್ತದೆ.

ಎರಡನ್ನೂ ಸೇರಿಸುವ ವಿಷಯದಲ್ಲಿ ಎಚ್ಚರ ಬೇಕು. ನ್ಯೂಯಾರ್ಕ್ ವಿಶ್ವವಿದ್ಯಾಲಯದ ಲಲಿತಕಲಾ ಸಂಸ್ಥೆಯಲ್ಲಿ 1960ರಿಂದ ಸಂರಕ್ಷಣಾ ಕೇಂದ್ರವಿದೆ. ಅಲ್ಲಿ ಕಲಾ ಇತಿಹಾಸ ಮತ್ತು ಸಂರಕ್ಷಣೆ ಜೊತೆಯಾಗಿ ಸಿಗುತ್ತವೆ, ಆದರೆ ಅದು ನಾಲ್ಕು ವರ್ಷದ ಸ್ನಾತಕೋತ್ತರ, ಡಾಕ್ಟರೇಟ್ ಅಲ್ಲ. ಡೆಲವೇರ್ ವಿಶ್ವವಿದ್ಯಾಲಯದಲ್ಲಿ ಮತ್ತು ಲಾಸ್ ಏಂಜಲೀಸ್‌ನ ಯುಸಿಎಲ್‌ಎ-ಗೆಟ್ಟಿ ಕಾರ್ಯಕ್ರಮದಲ್ಲಿ ಸಂರಕ್ಷಣೆಗೆ ಸಂಬಂಧಿಸಿದ ಡಾಕ್ಟರೇಟ್ ಇದೆ. ಅಮೆರಿಕದ ಸಂರಕ್ಷಣಾ ತರಬೇತಿಗಳು ಕಾಲೇಜು ಮಟ್ಟದ ರಸಾಯನಶಾಸ್ತ್ರವನ್ನು ಕೇಳುತ್ತವೆ. ಎಂ.ವಿ.ಎ. ಮಾಡಿದ ನೀವು ಅದನ್ನು ಈಗಲೇ ತುಂಬಿಕೊಳ್ಳಬೇಕಾಗುತ್ತದೆ. ಲಂಡನ್ನಿನ ಕೋರ್ಟಾಲ್ಡ್ ಸಂಸ್ಥೆಯ ಭಿತ್ತಿಚಿತ್ರ ಸಂರಕ್ಷಣೆಯ ವಿಭಾಗ ರಾಜಸ್ಥಾನದ ನಾಗೌರ್ ಕೋಟೆಯ ಚಿತ್ರಗಳ ಮೇಲೆ ಮಾಡಿದ ಕೆಲಸವನ್ನು ಓದಿ. ಒಂದು ಗೋಡೆಯ ಕಾಯಿಲೆಯ ಕಾರಣ ತಿಳಿಯುವವರೆಗೆ ಚಿಕಿತ್ಸೆಗೆ ಕೈಹಾಕದ ಶಿಸ್ತು ಅಲ್ಲಿದೆ.

ಹಣ. ಅಮೆರಿಕದ ಒಳ್ಳೆಯ ಡಾಕ್ಟರೇಟ್ ಕಾರ್ಯಕ್ರಮಗಳು ಶುಲ್ಕ ಮನ್ನಾ ಮಾಡಿ ಜೀವನವೇತನ ಕೊಡುತ್ತವೆ. ವೇತನವಿಲ್ಲದ ಪ್ರವೇಶ ಬಂದರೆ ಒಪ್ಪಬೇಡಿ, ಮನೆ ಅಡವಿಡಬೇಡಿ. ಇದನ್ನು ಕಟುವಾಗಿಯೇ ಹೇಳುತ್ತಿದ್ದೇನೆ. ಫುಲ್‌ಬ್ರೈಟ್-ನೆಹರೂ ಡಾಕ್ಟರಲ್ ಫೆಲೋಶಿಪ್ ಇರುವುದು ಭಾರತದಲ್ಲಿ ಈಗಾಗಲೇ ಪಿಎಚ್‌.ಡಿ.ಗೆ ನೋಂದಾಯಿಸಿರುವವರಿಗೆ. ಇಲ್ಲಿ ಸೇರಿ ಅಲ್ಲಿಗೆ ಕೆಲವು ತಿಂಗಳು ಹೋಗಿಬರುವುದು ಅನೇಕರಿಗೆ ಹೊಂದುತ್ತದೆ. ಬ್ರಿಟನ್ನಿಗೆ ಚಾರ್ಲ್ಸ್ ವ್ಯಾಲೇಸ್ ಇಂಡಿಯಾ ಟ್ರಸ್ಟ್ ಕಲೆ ಮತ್ತು ಪರಂಪರೆಯ ಸಂರಕ್ಷಣೆಗೆ ನೆರವು ಕೊಡುತ್ತ ಬಂದಿದೆ. ನೀವು ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನಕ್ಕೆ ಅರ್ಹರೆಂದು ಬರೆದಿದ್ದೀರಿ. ಅದರ 2022ರ ಮಾರ್ಗಸೂಚಿ ಭಾರತದ ಸಂಸ್ಕೃತಿ, ಪರಂಪರೆ, ಇತಿಹಾಸ ಕುರಿತ ಸಂಶೋಧನೆಯನ್ನು ಹೊರಗಿಟ್ಟಿತು. ತಮ್ಮ ನೆಲದ ಕಲೆಯನ್ನೇ ಓದಬಯಸುವ ದಲಿತ, ಅಲೆಮಾರಿ ಸಮುದಾಯಗಳ ಮಕ್ಕಳ ಮೇಲೆ ಆ ಷರತ್ತು ನೇರವಾಗಿ ಬಿದ್ದಿದೆ. ಇದು ನನಗೆ ಬಹಳ ನೋವಿನ ಸಂಗತಿ. ಅರ್ಜಿ ಹಾಕುವ ವರ್ಷದ ಮಾರ್ಗಸೂಚಿಯನ್ನು ಪೂರ್ತಿ ಓದಿ, ಆಮೇಲೆ ವಿಷಯ ನಿರ್ಧರಿಸಿ.

ಪ್ರಾಧ್ಯಾಪಕರಿಗೆ ಬರೆಯುವ ಮೊದಲ ಪತ್ರ ಹನ್ನೆರಡು ಸಾಲು ಮೀರದಿರಲಿ. ನೀವು ಲಗತ್ತಿಸಿರುವ ಕರಡಿನಲ್ಲಿ ಮೂರು ಪ್ಯಾರಾ ಅವರ ಹೊಗಳಿಕೆ, ಒಂದು ಸಾಲು ನಿಮ್ಮ ಕೆಲಸ. ಅದನ್ನು ತಿರುಗಿಸಿ. ‘ಜಗನ್ಮೋಹನ ಅರಮನೆಯ ಗೋಡೆಯ ಇಂಥ ಚಿತ್ರವನ್ನು ಒಂದು ವರ್ಷದಿಂದ ನೋಡುತ್ತಿದ್ದೇನೆ, ಇಂಥದ್ದೊಂದು ಅರ್ಥವಾಗುತ್ತಿಲ್ಲ’ ಎಂದು ಶುರು ಮಾಡಿ.

ಪ್ರಶ್ನೆ: ಮಗಳು ಇಂಜಿನಿಯರಿಂಗ್ ಬಿಟ್ಟು ಇದನ್ನೇ ಓದುತ್ತೇನೆನ್ನುತ್ತಾಳೆ. ಕೆಲಸ ಸಿಗುತ್ತದೆಯೇ? — ದಾವಣಗೆರೆ

ಉತ್ತರ: ಹುದ್ದೆಗಳು ಕಡಿಮೆ. ಪುರಾತತ್ವ ಇಲಾಖೆಗಳು, ವಸ್ತುಸಂಗ್ರಹಾಲಯಗಳು, ಕಲಾ ಕಾಲೇಜುಗಳು, ಪರಂಪರೆಯ ಸಂರಕ್ಷಣೆಗೆ ದುಡಿಯುವ ಇಂಟ್ಯಾಕ್‌ನಂಥ ಸಂಸ್ಥೆಗಳು, ಹಸ್ತಪ್ರತಿ ಭಂಡಾರಗಳು, ಖಾಸಗಿ ಸಂಗ್ರಾಹಕರು. ಖಾಯಂ ಕೆಲಸಕ್ಕೆ ಕಾಯಬೇಕಾಗಬಹುದು, ಗುತ್ತಿಗೆಯ ಕೆಲಸ ಮೊದಲು ಸಿಗುತ್ತದೆ. ನಿಮ್ಮ ಮಗಳನ್ನು ಒಂದು ಬೇಸಗೆ ರಜೆಯಲ್ಲಿ ಯಾವುದಾದರೂ ಸಂರಕ್ಷಣಾ ಕೇಂದ್ರಕ್ಕೆ ಕಳುಹಿಸಿ. ಏಪ್ರಿಲ್ ಬಿಸಿಲಿನಲ್ಲಿ ಸಾರವೆಯ ಮೇಲೆ ಕುತ್ತಿಗೆ ಎತ್ತಿಕೊಂಡು ಆರು ವಾರ ಕೆಲಸ ಮಾಡಿ ಬಂದ ಮೇಲೂ ಇದೇ ಬೇಕೆಂದರೆ, ದಯವಿಟ್ಟು ತಡೆಯಬೇಡಿ. ನನ್ನ ತಂದೆ ನನ್ನನ್ನು ತಡೆಯಲಿಲ್ಲ.

ಪ್ರಶ್ನೆ: ನಮ್ಮೂರ ದೇವಸ್ಥಾನದ ಗೋಡೆಯ ಚಿತ್ರಗಳ ಮೇಲೆ ಸಂಶೋಧನೆ ಮಾಡಬೇಕೆಂದಿದ್ದೇನೆ. ಚಿತ್ರದಿಂದ ಉದುರಿ ನೆಲಕ್ಕೆ ಬಿದ್ದಿದ್ದ ಬಣ್ಣದ ಚೂರುಗಳನ್ನು ಬೆಂಕಿಪೊಟ್ಟಣದಲ್ಲಿ ಹಾಕಿಟ್ಟಿದ್ದೇನೆ. ಇವನ್ನು ಪ್ರಯೋಗಾಲಯಕ್ಕೆ ಕೊಟ್ಟು ಪರೀಕ್ಷಿಸಿ, ಅರ್ಜಿಯ ಜೊತೆ ಫಲಿತಾಂಶ ಸೇರಿಸಬಹುದೇ? — ಸಿರಾ

ಉತ್ತರ: ಸೇರಿಸಬೇಡಿ. ನಿಮ್ಮ ಉದ್ದೇಶ ಒಳ್ಳೆಯದು, ಗುಡಿಸಿ ಹೊರಗೆ ಹೋಗಬಹುದಾಗಿದ್ದುದನ್ನು ಎತ್ತಿಟ್ಟಿದ್ದೀರಿ. ಆದರೆ ಅನುಮತಿಯಿಲ್ಲದೆ ಮಾದರಿ ಪರೀಕ್ಷಿಸಿದವರೆಂಬ ಹೆಸರು ಅರ್ಜಿಯ ಮೊದಲ ಪುಟದಲ್ಲೇ ಬರಬಾರದು. ಕೇಂದ್ರ ಸಂರಕ್ಷಿತ ಸ್ಮಾರಕವಾದರೆ ಭಾರತೀಯ ಪುರಾತತ್ವ ಸರ್ವೇಕ್ಷಣದ ಅನುಮತಿ ಬೇಕು. ಅವರ ವಿಜ್ಞಾನ ಶಾಖೆಯ ಮುಖ್ಯ ಕಚೇರಿ ಡೆಹ್ರಾಡೂನ್‌ನಲ್ಲಿದೆ. ರಾಜ್ಯ ಸಂರಕ್ಷಿತವಾದರೆ ಮೈಸೂರಿನಲ್ಲಿರುವ ರಾಜ್ಯ ಪುರಾತತ್ವ ಇಲಾಖೆಗೆ ಬರೆಯಬೇಕು. ಯಾವ ಪಟ್ಟಿಯಲ್ಲೂ ಇಲ್ಲದ ಮುಜರಾಯಿ ದೇವಸ್ಥಾನವಾದರೆ ಆ ಇಲಾಖೆ, ಆಡಳಿತ ಸಮಿತಿ, ಅರ್ಚಕರು ಮೂವರ ಒಪ್ಪಿಗೆಯೂ ಬರವಣಿಗೆಯಲ್ಲಿರಲಿ. ಈ ಅನುಮತಿಗಳಿಗೆ ಎಷ್ಟು ಸಮಯ ಬೇಕೆಂದು ಸಾರಲೇಖದಲ್ಲೇ ಬರೆದ ವಿದ್ಯಾರ್ಥಿಯನ್ನು ಸಮಿತಿಗಳು ನಂಬುತ್ತವೆ.

ಬೆಂಕಿಪೊಟ್ಟಣದ ವಿಚಾರ. ಅದರ ಮೇಲೆ ಇವತ್ತೇ ಬರೆಯಿರಿ: ಯಾವ ದಿನ, ಯಾವ ಗೋಡೆಯ ಕೆಳಗೆ, ಮೂಲೆಯಿಂದ ಎಷ್ಟು ಮೊಳ ದೂರದಲ್ಲಿ ಸಿಕ್ಕಿತು. ನೆನಪಿರುವಷ್ಟು ಬರೆಯಿರಿ, ಊಹೆಯನ್ನು ಊಹೆ ಎಂದೇ ಗುರುತಿಸಿ. ಚೂರುಗಳನ್ನು ತೊಳೆಯಬೇಡಿ, ಅಂಟು ಹಚ್ಚಬೇಡಿ. ಒಂದರ ಮೇಲೊಂದು ಉಜ್ಜದಂತೆ ಹತ್ತಿಯ ಮೇಲೆ ತೆಳು ಕಾಗದ ಹಾಸಿ, ಬಣ್ಣದ ಮುಖ ಮೇಲಾಗಿ ಬೇರೆ ಬೇರೆಯಾಗಿಡಿ. ಆಮೇಲೆ ಅರ್ಚಕರ ಎದುರಿಗೆ ಆಡಳಿತ ಸಮಿತಿಗೆ ಒಪ್ಪಿಸಿ ರಸೀದಿ ಪಡೆಯಿರಿ. ಬಿದ್ದ ಜಾಗ ತಿಳಿದಿದ್ದರೆ ಮುಂದೆ ಸಂರಕ್ಷಕರು ಬಂದಾಗ ಆ ಚೂರನ್ನು ಮತ್ತೆ ಅದರ ಜಾಗದಲ್ಲಿ ಕೂರಿಸಲು ಸಾಧ್ಯವಿದೆ. ನಾನು ಒಮ್ಮೆ ಹಾಗೆ ಕೂರಿಸಿದ್ದೇನೆ. ಹದಿನೈದು ವರ್ಷ ಅರ್ಚಕರ ಮನೆಯ ಕುಂಕುಮದ ಭರಣಿಯಲ್ಲಿದ್ದ ಕಾಳಿನಗಲದ ಚೂರು ಅದು. ಗೋಡೆಯ ಮೇಲಿದ್ದ ನವಿಲಿನ ಕಣ್ಣು.